ದೇವೀರಪ್ಪ ಭಾವ ಸರಿಹೋದ ವರ್ಷ

ನಮ್ಮ ದೇವೀರಪ್ಪ ಭಾವನ ಮನೆಯ ಹಿಂಗೋಡೆಗೆ ಒಂದು ಬಾಗಿಲಿತ್ತು. ಹಲಸಿನ ಮರದ ಗಟ್ಟಿ ಬಾಗಿಲು, ಚಿಲಕ, ಅಗುಳಿ, ಹೊಸ್ತಿಲು ಎಲ್ಲ ಇತ್ತು. ತೆರೆದರೆ ಆಚೆ ತಿಪ್ಪೆಗುಂಡಿ. ಅಲ್ಲೊಂದು ಕೋಣೆ ಕಟ್ಟುತ್ತೇನೆಂದು ಹೊರಟ ಭಾವ ಮೊದಲು ಬಾಗಿಲು ಕೂರಿಸಿದರು. ಅಷ್ಟಾಗುವ ಹೊತ್ತಿಗೆ ಕೋಣೆಯ ಮೇಲಿನ ಆಸೆ ಹೊರಟುಹೋಯಿತು. ಯಾಕೆ ಭಾವ ಎಂದು ಕೇಳಿದ್ದಕ್ಕೆ, "ಬಾಗ್ಲು ಚಂದಾಗೈತಲ್ಲ, ಸಾಕು ಬುಡು" ಎಂದರು. ಮದುವೆ ಕರೆಯಲು ಬಂದಿದ್ದ ನೆಂಟರೊಬ್ಬರು ಕೈ ತೊಳೆಯಲೆಂದು ಅದೇ ಬಾಗಿಲು ತೆಗೆದು ಮೊಣಕಾಲವರೆಗೆ ಗೊಬ್ಬರಕ್ಕೆ ಇಳಿದದ್ದನ್ನು ಊರು ಬಹಳ ವರ್ಷ ಮರೆಯಲಿಲ್ಲ.

ಊರು ಎಂದರೆ ಹೊಂಗಡಹಳ್ಳದಿಂದ ಗುಡ್ಡ ಇಳಿದರೆ ಸಿಗುವ ನಾಲ್ಕಾರು ಮನೆಗಳ ಊರು. ಹಾನುಬಾಳಿನವರಾದ ನಾವಿಬ್ಬರು ಅಕ್ಕತಂಗಿಯರು ಅಲ್ಲಿಯ ಅಣ್ಣತಮ್ಮಂದಿರನ್ನು ಮದುವೆಯಾಗಿ ಹೋದೆವು. ಅಕ್ಕ ದ್ರಾಕ್ಷಾಯಣಿಗೆ ದೇವೀರಪ್ಪ, ನನಗೆ ಅವರ ತಮ್ಮ ವೀರಭದ್ರಯ್ಯ. ಮನೆ ಪಾಲಾದ ಮೇಲೂ ನಡುವೆ ಇದ್ದದ್ದು ಒಂದೇ ಗೋಡೆ. ಆ ಮನೆಯ ಮಾತು ಈ ಮನೆಗೆ ಕೇಳುತ್ತಿತ್ತು. ಕೇಳಿದರೂ ಕೇಳದಂತೆ ಇರುವ ದೊಡ್ಡ ಗುಣ ನನಗೆ ಯಾವತ್ತೂ ಇರಲಿಲ್ಲ.

ಅಕ್ಕನ ಬಾಯಲ್ಲಿ ಭಾವನಿಗೆಂದೇ ಮೀಸಲಾದ ಮಾತುಗಳಿದ್ದವು. ಗೋಡೆಯ ಈಚೆ ಅಕ್ಕಿ ಆರಿಸುತ್ತ ಕೂತಿದ್ದರೂ ಆವತ್ತು ಭಾವ ಏನು ಮಾಡಿಕೊಂಡು ಬಂದಿದ್ದಾರೆಂದು ನಾನು ಹೇಳಿಬಿಡುತ್ತಿದ್ದೆ. "ಏನು ಖಯಾಲಿನೋ" ಎಂದರೆ ಯಾರಿಗೂ ನಷ್ಟವಿಲ್ಲ; ಸೌದೆಗೆ ಹೋದವರು ಜೇನು ನೋಡುತ್ತ ಕೂತಿದ್ದಾರೆ, ಅಷ್ಟೆ. "ಹುಚ್ಚಾಟ" ಎಂದರೆ ಮನೆಯಲ್ಲಿ ಏನೋ ಮುರಿದಿದೆ. ಕೆಲಸ ಅರ್ಧಕ್ಕೆ ನಿಂತ ದಿನ "ಎಡಬಿಡಂಗಿ". "ತಿಕ್ಕಲು" ಎಂಬುದನ್ನು ಮಾತ್ರ ಆಕೆ ಸುಲಭಕ್ಕೆ ಹೊರಗೆ ತೆಗೆಯುತ್ತಿರಲಿಲ್ಲ. ಅದು ಊರವರೆದುರು ಮಾನ ಹೋದ ದಿನಕ್ಕೆಂದು ಎತ್ತಿಟ್ಟ ಮಾತು. ಅದನ್ನು ಗಂಡನ ಮುಖಕ್ಕೆ ಹೇಳುವಾಗಲೂ ಬಹುವಚನ ಬಿಡುತ್ತಿರಲಿಲ್ಲ. "ನಿಮಗೇನು ತಿಕ್ಕಲು ಹಿಡಿದೈತಾ?" ಎಂದು ಮರ್ಯಾದೆ ಕೊಟ್ಟೇ ಬೈಯುತ್ತಿದ್ದಳು.

ಬೈಗುಳಕ್ಕೆ ಕೊರತೆಯಾಗದಂತೆ ಭಾವನೂ ನೋಡಿಕೊಳ್ಳುತ್ತಿದ್ದರು. ಒಮ್ಮೆ ನೇಗಿಲಿಗೆ ಗುಳ ತರಲೆಂದು ಸಕಲೇಶಪುರದ ಸಂತೆಗೆ ಹೋದವರು ಗ್ರಾಮಫೋನಿನ ಹಿತ್ತಾಳೆ ಕಹಳೆ ಹೊತ್ತು ತಂದರು. ಗ್ರಾಮಫೋನು ಇಲ್ಲ, ಬರೀ ಕಹಳೆ. ಯಾವುದೋ ಎಸ್ಟೇಟ್ ಬಂಗಲೆಯ ಹಳೇ ಸಾಮಾನು ಮಾರಾಟಕ್ಕೆ ಬಂದಿತ್ತಂತೆ. ಉಳುಮೆಗೆ ನನ್ನ ಗಂಡನ ಗುಳವೇ ಎರವಲು ಹೋಯಿತು. ಭಾವ ಕಹಳೆಯನ್ನು ಬಾಯಿಗಿಟ್ಟು ಮೇಯಲು ಹೋದ ದನಗಳನ್ನು ಕರೆಯುತ್ತಿದ್ದರು. ದನಗಳು ಬರುತ್ತಿರಲಿಲ್ಲ, ಆಚೆ ಗುಡ್ಡದ ಎಸ್ಟೇಟ್ ಲೈನಿನ ಕೂಲಿಯವರು ಏನಾಯಿತೋ ಎಂದು ಗಾಬರಿಯಿಂದ ಓಡಿಬರುತ್ತಿದ್ದರು. ಬಂದವರನ್ನು ಕೂರಿಸಿಕೊಂಡು ಭಾವ ಬೆಲ್ಲದ ಕಾಫಿ ಕೊಡಿಸುತ್ತಿದ್ದರು. ಕಾಫಿ ಕಾಯಿಸಬೇಕಾದವಳು ಅಕ್ಕ.

ಇಂಥವರ ಕತೆ ಹೇಳುವಾಗ, ಒಳಗೊಳಗೇ ಅವರಿಗೇನೋ ದೊಡ್ಡ ಲೆಕ್ಕಾಚಾರ ಇತ್ತು ಎಂದು ಕೊನೆಗೆ ಸೇರಿಸುವುದುಂಟು. ನನಗೆ ಅದು ಕಂಡರಾಗದು. ಭಾವನಿಗೆ ಯಾವ ಲೆಕ್ಕಾಚಾರವೂ ಇರಲಿಲ್ಲ. ಗಾಳಿ ಬಂದತ್ತ ತಿರುಗುತ್ತಿದ್ದರು. ನಗುತ್ತ ತಿರುಗುತ್ತಿದ್ದರು, ಅದೊಂದು ನಿಜ. ಸಿಟ್ಟಿನಿಂದ ಯಾವ ಹುಚ್ಚಾಟವನ್ನೂ ಮಾಡಿದವರಲ್ಲ.

ಆದರೆ ನಮ್ಮ ಕಡೆ ಬೇಸಾಯ ಒಬ್ಬರ ಮರ್ಜಿಯ ಮೇಲೆ ನಡೆಯುವಂಥದ್ದಲ್ಲ. ನಾಟಿಗೆ ಮುಯ್ಯಾಳು ಬರುತ್ತಾರೆ. ಈವತ್ತು ನಿಮ್ಮ ಗದ್ದೆಗೆ ನಾವೆಲ್ಲ ಬಂದು ಸಸಿ ನೆಟ್ಟುಕೊಟ್ಟರೆ, ನಾಳೆ ನಮ್ಮ ಗದ್ದೆಗೆ ನೀವು ಬಂದು ಆ ಮುಯ್ಯಿ ತೀರಿಸಬೇಕು. ಯಾರ ಗದ್ದೆ ಯಾವತ್ತು ಎಂಬುದು ಮೊದಲೇ ಗೊತ್ತಾಗಿರುತ್ತದೆ. ಒಂದು ಮನೆ ತಪ್ಪಿದರೆ ಊರಿನ ನಾಟಿಯೆಲ್ಲ ಏರುಪೇರು. ಒಂದು ವರ್ಷ ಹೆಂಗಸರೆಲ್ಲ ಮಳೆಗೆ ಎಲೆಯ ಗೊರಬು ಹೊದ್ದು ಭಾವನ ಕೆಳಗಿನ ಗದ್ದೆಗೆ ಬಂದು ನಿಂತರೆ ಅಲ್ಲಿ ನೇಗಿಲೇ ಇಳಿದಿರಲಿಲ್ಲ. ಭಾವ ಯಾರಿಗೂ ಹೇಳದೆ ಮೇಲಿನ ಗದ್ದೆ ಉತ್ತಿಟ್ಟಿದ್ದರು. ನಾಟಿ ಹೆಂಗಸರ ಮುಂದಾಳು ಹುಲಿಯಮ್ಮ ಸೊಂಟಕ್ಕೆ ಕೈಕೊಟ್ಟು ನಿಂತು, "ಏನ್ ದೇವೀರಣ್ಣ, ಗದ್ದೆ ರಾತ್ರೋರಾತ್ರಿ ಎದ್ದು ಮೇಲಕ್ಕೆ ಹೋಗ್ಬುಡ್ತಾ?" ಎಂದು ಕೇಳಿದಳು. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಆ ದಿನ ಗೋಡೆಯಾಚೆಯಿಂದ "ತಿಕ್ಕಲು" ಕೇಳಿಸಿತು.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಅರವತ್ತನೇ ಇಸವಿಯ ಈಚೆಗೆ ಬಂದ ಒಂದು ಆಷಾಢದಲ್ಲಿ ಅದು ನಿಂತಿತು.

ಭಾವನ ಬಳಿ ಕೆಂಚ ಎಂಬ ಎತ್ತಿತ್ತು. ಕರುವಾಗಿದ್ದಾಗಿನಿಂದ ಸಾಕಿದ್ದು. ಭಾವನ ಖಯಾಲಿಗೆ ಹೊಂದಿಕೊಂಡ ಜೀವ ಊರಿನಲ್ಲಿ ಅದೊಂದೇ. ಎತ್ತ ತಿರುಗಿಸಿದರೆ ಅತ್ತ, ಯಾಕೆ ಎಂದು ಕೇಳದೆ ಹೋಗುತ್ತಿತ್ತು. ಆ ದಿನ ಹಳ್ಳದಾಚೆಯ ಗದ್ದೆಯಲ್ಲಿ ಭಾವನ ಮುಯ್ಯಿ ಉಳುಮೆ. ದನ ದಾಟುವ ಜಾಗ ಮೇಲ್ಗಡೆ ಇತ್ತು, ಎಲ್ಲರೂ ಅಲ್ಲೇ ದಾಟುತ್ತಿದ್ದರು. ಭಾವ ಎತ್ತುಗಳನ್ನು ಅರ್ಧ ದಾರಿ ಹೊಡೆದುಕೊಂಡು ಹೋದವರು, "ಇಲ್ಲೇ ಇಳಿಯಾನ" ಎಂದು ಕೆಳಗಿನ ಬಂಡೆಗಳ ಹತ್ತಿರ ತಿರುಗಿಸಿದರು. ಯಾಕೆ ಎಂದರೆ ಯಾಕೂ ಇಲ್ಲ. ಕೆಂಚ ಎಂದಿನಂತೆ ಕೇಳದೆ ಇಳಿಯಿತು. ಬಂಡೆಯ ಸಂದಿಗೆ ಕಾಲು ಸಿಕ್ಕಿ ಮುರಿಯಿತು, ಮೇಲಿನಿಂದ ಬಂದ ಕೆನ್ನೀರು ಅದನ್ನು ಮಗುಚಿತು. ಜೊತೆಯ ಎತ್ತು ಹೇಗೋ ದಡ ಹತ್ತಿತು. ಕೆಂಚನ ಹೆಣ ಕೆಳಗೆ ಬಿದಿರು ಮೆಳೆಯಲ್ಲಿ ಸಿಕ್ಕಿತು. ಭಾವ ನೊಗವೊಂದನ್ನೇ ಹೆಗಲ ಮೇಲೆ ಹೊತ್ತು ಮನೆಗೆ ಬಂದರು.

ಅಕ್ಕ ಆ ದಿನ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತೋ ಏನೋ.

ಆಮೇಲೆ ಭಾವ ಸರಿಹೋದರು. ಹಾಗೆಂದದ್ದು ಊರು. ಹಾಗೆಂದವಳು ನಾನೂ ಹೌದು. ಬೆಳಿಗ್ಗೆ ಎದ್ದು ವಿಭೂತಿ ಹಚ್ಚಿ, "ಇವತ್ತೇನು ಮಾಡ್ಲಿ?" ಎಂದು ಅಕ್ಕನನ್ನು ಕೇಳುತ್ತಿದ್ದರು. ಬೇಲಿ ಕಟ್ಟಿ ಎಂದರೆ ಕಟ್ಟಿ ಬರುತ್ತಿದ್ದರು. ಬಂದು ನಿಂತು, "ಇನ್ನೇನು ಮಾಡ್ಲಿ?" ಎನ್ನುತ್ತಿದ್ದರು. ಸಂತೆಗೆ ಹೋದರೆ ಹೇಳಿದ ಸಾಮಾನು ಮಾತ್ರ ಬರುತ್ತಿತ್ತು. ಮುಯ್ಯಿಗೆ ಎಲ್ಲರಿಗಿಂತ ಮೊದಲು ಹೋಗಿ ನಿಲ್ಲುತ್ತಿದ್ದರು. ತಿಪ್ಪೆಗೆ ತೆರೆಯುವ ಬಾಗಿಲನ್ನು ತಾವೇ ಕಿತ್ತು, ಆ ಜಾಗಕ್ಕೆ ಮಣ್ಣಿನ ಇಟ್ಟಿಗೆ ಇಟ್ಟು ಮೆತ್ತಿದರು. ನನ್ನ ಗಂಡ ಗಡಿಯಾರದಂಥ ಮನುಷ್ಯ. ಅವರಿಗೆ ಖುಷಿಯೋ ಖುಷಿ. "ಅಣ್ಣ ಈಗ ಮನುಷ್ಯ ಆದ ನೋಡು" ಎಂದರು. ಹುಲಿಯಮ್ಮನಂಥವಳೂ ಅಕ್ಕನ ಹತ್ತಿರ, "ನಿನ್ನ ಪುಣ್ಯ ಕಣವ್ವ" ಎಂದು ಹೇಳಿ ಹೋದಳು.

ಅಕ್ಕ ಮೊದಮೊದಲು ತಲೆಯಾಡಿಸುತ್ತಿದ್ದಳು. ಸುಗ್ಗಿ ಮುಗಿದು ಬೇಸಿಗೆ ಬರುವ ಹೊತ್ತಿಗೆ ಅವಳ ಮುಖ ಇಳಿದುಹೋಗಿತ್ತು. ಒಂದು ಮಧ್ಯಾಹ್ನ ಮೆಣಸು ಒಣಗಿಸುತ್ತಿದ್ದ ನನ್ನ ಪಕ್ಕ ಬಂದು ಕೂತಳು.

"ನೆನ್ನೆ ಸಾರಿಗೆ ಉಪ್ಪು ಹಾಕ್ದೆ ಬಡಿಸ್ದೆ ಕಣೇ ಸುಮಿತ್ರಾ. ಬೇಕಂತಲೇ. ಉಂಡ್ಕಂಡು ಎದ್ದೋಗ್ಬುಟ್ರು. ಒಂದ್ಮಾತಿಲ್ಲ."

"ಸಪ್ಪೆ ಸಾರಿಗೆ ಗಲಾಟೆ ಮಾಡ್ಲಿಲ್ಲ ಅಂತ ಸಂಕಟನಾ ನಿಂಗೆ?" ಎಂದೆ.

"ನಾನು ಹೇಳ್ದೆ ಇದ್ರೆ ಜಗಲಿ ಮೇಲೆ ಹಂಗೇ ಕೂತಿರ್ತಾರೆ. ದಾರಿ ಎರಡಾಗೋ ಜಾಗದಲ್ಲಿ ನಿಂತು ನನ್ನ ಮುಖ ನೋಡ್ತಾರೆ. ಇವತ್ತು ಬೆಳಿಗ್ಗೆ ಸುಮ್ಸುಮ್ನೆ ಬೈದು ನೋಡ್ದೆ. ಏನೂ ತಪ್ಪು ಮಾಡಿರ್ಲಿಲ್ಲ. ತಿಕ್ಕಲು ಅಂದೆ. ಏನಂದ್ರು ಗೊತ್ತಾ? ಹೌದು ಅಂದ್ರು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಆಗ ರೇಗಿತು. ನನ್ನ ಸ್ವಭಾವವೇ ಹಾಗೆ. "ಇಷ್ಟು ವರ್ಷ ಬೈದೆ, ಈಗ ಸರಿಹೋದ್ರೆ ಅದಕ್ಕೂ ಅಳ್ತೀಯಲ್ಲ ಮಾರಾಯ್ತಿ" ಎಂದೆ.

"ಬೈತಿದ್ದೆ ಕಣೇ. ಬದಲಾಗ್ಲಿ ಅಂತ ಬೈತಿರ್ಲಿಲ್ಲ" ಎಂದಳು ಅಕ್ಕ. "ಆ ಹಳ್ಳ ಎತ್ತು ಒಂದನ್ನೇ ತಗಂಡೋಗ್ಲಿಲ್ಲ. ಇವರನ್ನೂ ತಗಂಡೋಯ್ತು. ನನ್ನ ಗಂಡ ನಂಗೆ ವಾಪಸ್ ಬೇಕು."

ನಾನು ಮೆಣಸು ಕೆದಕುತ್ತ ಕೂತೆ. ಗೋಡೆಯಾಚೆಯಿಂದ ಎಷ್ಟು ದಿನಗಳಿಂದ ಬೈಗುಳ ಕೇಳಿಲ್ಲ ಎಂಬುದು ಆಗ ಹೊಳೆಯಿತು. ನಗುವೂ ಕೇಳಿರಲಿಲ್ಲ.

ಅಕ್ಕ ಏನೇನೋ ಮಾಡಿ ನೋಡಿದಳು. ತೌರಿಗೆ ಕರೆದುಕೊಂಡು ಹೋಗಿ ಎಂದು ಹಾನುಬಾಳಿಗೆ ಹೊರಡಿಸಿದಳು. ಹಿಂದೆಲ್ಲ ಭಾವನ ಜೊತೆ ಹಾನುಬಾಳಿಗೆ ಹೊರಟರೆ ನಡುವೆ ಎಲ್ಲೆಲ್ಲೋ ಇಳಿದು, ಯಾರ ಮನೆಯಲ್ಲೋ ಉಂಡು, ಒಮ್ಮೆಯಂತೂ ತೌರು ತಲುಪದೆಯೇ ವಾಪಸಾಗಿದ್ದಳು. ಈ ಸಲ ಭಾವ ನೆಟ್ಟಗೆ ಕರೆದೊಯ್ದು ನೆಟ್ಟಗೆ ಕರೆತಂದರು. ಕೆಂಚನ ಮಾತನ್ನು ಅಕ್ಕ ಎತ್ತಿದರೆ ಎದ್ದು ಕೊಟ್ಟಿಗೆ ಗುಡಿಸಲು ಹೋಗುತ್ತಿದ್ದರು.

ಮತ್ತೆ ನಾಟಿ ಬಂತು. ಭಾವನ ಗದ್ದೆಯ ದಿನ ಹೆಂಗಸರೆಲ್ಲ ಹೊತ್ತಿಗೆ ಸರಿಯಾಗಿ ಇಳಿದರು. ಭಾವ ಗದ್ದೆ ಸಮ ಮಾಡುವ ಹಲಗೆಗೆ ಎತ್ತು ಹೂಡಿ ಹೊಡೆಯುತ್ತಿದ್ದರು. ಎಲ್ಲವೂ ಹೇಗೆ ನಡೆಯಬೇಕೋ ಹಾಗೇ ನಡೆಯುತ್ತಿತ್ತು. ನಾಟಿ ದಿನ ಗದ್ದೆಯ ಮನೆಯವರು ಬುತ್ತಿ ತರಬೇಕು. ಮುಯ್ಯಾಳಿಗೆ ಊಟ ತಪ್ಪಿಸುವುದಕ್ಕಿಂತ ದೊಡ್ಡ ಅವಮಾನ ನಮ್ಮಲ್ಲಿಲ್ಲ. ಊಟದ ಹೊತ್ತಾದರೂ ಅಕ್ಕ ಬರಲಿಲ್ಲ. ನಾನೇ ಮನೆಗೆ ಓಡಿದೆ. ಒಲೆಯ ಮೇಲೆ ಕಡುಬು ಬೆಂದು ಕೂತಿತ್ತು, ಕಳಲೆ ಸಾರು ಇಳಿಸಿಟ್ಟಿತ್ತು, ಎಲೆ ಒರೆಸಿ ಜೋಡಿಸಿತ್ತು. ಅಕ್ಕ ಇರಲಿಲ್ಲ. ಗೊರಬೂ ಇರಲಿಲ್ಲ.

ನಾನೂ ಹುಲಿಯಮ್ಮನೂ ಸೇರಿ ಬುತ್ತಿ ಹೊತ್ತು ತಂದು ಎಲ್ಲರಿಗೂ ಬಡಿಸುತ್ತಿದ್ದೆವು. ಆಗ ರಸ್ತೆಯ ಮೇಲೆ ಜೀಪು ನಿಂತಿತು. ಎಸ್ಟೇಟುಗಳಿಗೆ ಸಾಮಾನು ಸಾಗಿಸುವ ಸಕಲೇಶಪುರದ ಅಬ್ದುಲ್ ಸತ್ತಾರ್ ಬದುವಿನ ಮೇಲೆ ಜಾರುತ್ತ ಬಂದ.

"ದೇವೀರಪ್ಪನೋರೇ, ನಿಮ್ಮನೆ ಅಮ್ಮನೋರು ನನ್ನ ಜೀಪಿಗೆ ಕೈ ಅಡ್ಡ ಹಾಕಿ ಹತ್ತಿದ್ರು. ಬಿಸಿಲೆ ದಾರೀಲಿ, ಕಾಡು ಶುರುವಾಗೋ ಕಡೆ ಇಳ್ಕಂಡ್ರು. ಅಲ್ಲಿ ಮನೆ ಇಲ್ಲ ಮಠ ಇಲ್ಲ. ಯಾಕಮ್ಮ ಅಂದ್ರೆ ಸುಮ್ನೆ ಅಂದ್ರು. ನಂಗ್ಯಾಕೋ ಮನಸ್ಸು ತಡೀಲಿಲ್ಲ, ಹೇಳಾನ ಅಂತ ವಾಪಸ್ ಬಂದೆ."

ಕಡುಬು ಮುರಿಯುತ್ತಿದ್ದ ಕೈಗಳೆಲ್ಲ ನಿಂತವು. ಊರಿನ ಅತ್ಯಂತ ಗಟ್ಟಿ ಹೆಂಗಸು, ನಾಟಿಯ ದಿನ, ಅಡುಗೆ ಮುಗಿಸಿಟ್ಟು ಕಾಡಿಗೆ ಹೋಗಿದ್ದಳು. ಭಾವ ನನ್ನ ಕಡೆ ತಿರುಗಿದರು. ಮೊಣಕೈವರೆಗೆ ಕೆಸರು, ಮುಖ ಬಿಳುಚಿತ್ತು.

"ಏನ್ ಮಾಡ್ಲಿ ಸುಮಿತ್ರಾ?"

"ನನ್ನ ಕೇಳಿದ್ರೆ? ನಿಮ್ಮ ಹೆಂಡ್ತಿ" ಎಂದೆ. ನಿಜಕ್ಕೂ ನನಗೆ ಏನೂ ತೋಚಿರಲಿಲ್ಲ.

ಭಾವ ನನ್ನ ಗಂಡನನ್ನು ನೋಡಿದರು, ಹುಲಿಯಮ್ಮನನ್ನು ನೋಡಿದರು. ಆಮೇಲೆ ಕೈಯಲ್ಲಿದ್ದ ಬಾರುಕೋಲನ್ನು ನೀರಿಗೆ ಎಸೆದು ಜೀಪಿನತ್ತ ನಡೆದರು. "ಹೋಗ್ಬನ್ನಿ ಅಣ್ಣ, ನೆಡೋದು ನಮಗೆ ಬುಡಿ" ಎಂದು ಹುಲಿಯಮ್ಮ ಕೂಗಿದಳು. ನಾನೂ ಹಿಂದಿನಿಂದ ಹೋಗಿ ಜೀಪು ಹತ್ತಿದೆ. ಬೇಡ ಎಂದು ಯಾರಾದರೂ ಹೇಳಿದ್ದರೂ ಹತ್ತುತ್ತಿದ್ದೆ.

ತೋಟಗಳು ಮುಗಿದು ಮರಗಳು ಒತ್ತಾದವು. ಒಂದು ತಿರುವಿನಲ್ಲಿ, ಮೋರಿಯ ಕಟ್ಟೆಯ ಮೇಲೆ ಅಕ್ಕ ಗೊರಬು ಹೊದ್ದು ಕೂತಿದ್ದಳು. ಸೆರಗಿನಲ್ಲಿ ಕಡುಬು ಕಟ್ಟಿಕೊಂಡು ಬಂದಿದ್ದಳು, ತಿನ್ನುತ್ತಿದ್ದಳು. ಪಾದಗಳಿಗೆ ಕಾಡಿನ ಜಿಗಣೆ, ಇಂಬಳ, ಹತ್ತಿ ರಕ್ತ ಸೋರುತ್ತಿತ್ತು. ಕೆಳಗೆ ಮೋರಿಯ ನೀರು ಭೋರ್ಗರೆಯುತ್ತಿತ್ತು.

ಜೀಪು ನಿಲ್ಲುವ ಮೊದಲೇ ಭಾವ ಹಾರಿದರು.

"ಯಾಕೆ ಬಂದೆ ಇಲ್ಲಿಗೆ?"

"ಸುಮ್ನೆ."

"ಸುಮ್ನೆ ಅಂದ್ರೆ?"

"ಸುಮ್ನೆ ಅಂದ್ರೆ ಸುಮ್ನೆ. ಬರಬೇಕು ಅನ್ನಿಸ್ತು, ಬಂದೆ."

ಭಾವ ಸಿಡಿದರು. ಅಷ್ಟು ವರ್ಷದಲ್ಲಿ ಅವರು ಅಕ್ಕನಿಗೆ ಗದರಿದ್ದನ್ನು ನಾನು ಕೇಳಿರಲಿಲ್ಲ. "ಮುಯ್ಯಾಳು ಗದ್ದೇಲವ್ರೆ! ಗೊತ್ತು ಗುರಿ ಬ್ಯಾಡ್ವಾ? ತಿಕ್ಕಲು ಹಿಡೀತಾ ನಿಂಗೆ? ಒಬ್ಳೇ ಹೆಂಗ್ಸು, ಕಾಡು, ಹುಚ್ಚಾಟಕ್ಕೂ ಒಂದು ಮಿತಿ ಐತೆ! ಆ ಮೋರಿ ನೋಡು, ಕಾಲು ಜಾರಿದ್ರೆ? ನೀರಿಗೆ ಬಿದ್ದಿದ್ರೆ? ಅವನಂಗೆ ನೀನೂ..."

ಮಾತು ಅಲ್ಲಿಗೆ ತುಂಡಾಯಿತು. ಆಮೇಲೆ ರಸ್ತೆಯ ಮೇಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು.

"ನನ್ನ ನಂಬ್ಕಂಡು ಇಳಿದ ಕಣೇ ಅವನು" ಎಂದರು. "ಯಾಕೆ ಅಂತ ಕೇಳ್ಲಿಲ್ಲ. ನಾನಂದೆ, ಅವನು ಇಳಿದ."

"ಇಳಿದ" ಎಂದಳು ಅಕ್ಕ. "ನಾನೂ ನಿಮ್ಮನ್ನ ನಂಬ್ಕಂಡೇ ಬಂದೋಳು. ಇಷ್ಟು ವರ್ಷ ನೀವು ಎತ್ತ ತಿರುಗಿದ್ರೆ ಅತ್ತ ಬೈಕೊಂಡು ಬಂದೆ. ಈಗ ನನ್ನೊಬ್ಬಳನ್ನೇ ದಾರೀಲಿ ಬಿಟ್ಟು ಎಲ್ಲೋದ್ರಿ ನೀವು?"

ಭಾವ ಅತ್ತರು. ದೊಡ್ಡ ದನಿ ತೆಗೆದು, ಕೆಸರು ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತರು. ಸತ್ತಾರ್ ಜೀಪಿನ ಆಚೆ ಬದಿಗೆ ಹೋಗಿ ಗಾಲಿ ನೋಡುವವನಂತೆ ನಿಂತ. ನಾನು ಎಲ್ಲಿಗೂ ಹೋಗಲಿಲ್ಲ. ನನ್ನ ಕಣ್ಣಲ್ಲೂ ನೀರು ಬಂದಿತ್ತು, ಒರೆಸಿಕೊಳ್ಳಲು ಸೆರಗು ಒಣಗಿರಲಿಲ್ಲ.

ಅಕ್ಕ ಕಟ್ಟೆಯಿಂದ ಇಳಿಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಅತ್ತು ಮುಗಿಯಲೆಂದು ಕಾದಳು. ಮುಗಿದ ಮೇಲೆ ಭಾವ ಎಲೆಯಡಿಕೆ ಚೀಲದಿಂದ ಸುಣ್ಣ ತೆಗೆದು, ಅವಳ ಪಾದದ ಇಂಬಳಗಳಿಗೆ ಹಚ್ಚಿ ಒಂದೊಂದಾಗಿ ಉದುರಿಸಿದರು. ಅಕ್ಕ ಸೆರಗಿನಲ್ಲಿ ಉಳಿದಿದ್ದ ಕಡುಬನ್ನು ಅವರ ಕೈಗೆ ಕೊಟ್ಟಳು. ಒಂದು ತುಂಡು ಬಾಯಿಗೆ ಹಾಕಿಕೊಂಡು, "ಉಪ್ಪು ಸಾಲ್ದು" ಎಂದರು ಭಾವ.

ಸತ್ತಾರ್ ಜೀಪು ತಿರುಗಿಸಿದ. ಹೊತ್ತು ಇಳಿಯುತ್ತಿತ್ತು, ಮಳೆ ತುಸು ಬಿಟ್ಟಿತ್ತು. "ಹತ್ತಿ ಭಾವ, ಗದ್ದೇಲಿ ಎಲ್ಲ ಕಾಯ್ತಾವ್ರೆ" ಎಂದೆ. ಭಾವ ಎದ್ದು ನಿಂತರು. ಜೀಪಿನ ಕಡೆ ಬರಲಿಲ್ಲ. ಕಾಡಿನೊಳಕ್ಕೆ ಹೋಗುವ ರಸ್ತೆಯನ್ನು ನೋಡಿದರು.

"ಆ ತಿರುವಿನಾಚೆ ಏನೈತೆ ಸತ್ತಾರ್?"

"ಏನೂ ಇಲ್ಲ ಕಣ್ರೀ. ಬರೀ ಕಾಡು."

"ಓಹೋ" ಎಂದರು ಭಾವ. ಪಂಚೆ ಎತ್ತಿ ಕಟ್ಟಿದರು. ಕಡುಬು ತಿನ್ನುತ್ತ ಆ ರಸ್ತೆಯಲ್ಲಿ ನಡೆದೇಬಿಟ್ಟರು.

ನನಗೆ ತಲೆ ಕೆಟ್ಟುಹೋಯಿತು. ಗದ್ದೆಯಲ್ಲಿ ಊರಿನ ಹೆಂಗಸರೆಲ್ಲ ಬೆನ್ನು ಬಗ್ಗಿಸಿ ನೆಡುತ್ತಿದ್ದರು, ಬೇರೆಯವರ ಜೀಪು ನಿಂತಿತ್ತು, ಇವರು ಏನೂ ಇಲ್ಲದ ಕಡೆ ನೋಡಲು ಹೊರಟಿದ್ದರು. "ಅಕ್ಕ, ನೀನಾದ್ರೂ ಹೇಳೇ ಅವರಿಗೆ!" ಎಂದು ಕೂಗಿದೆ.

ಅಕ್ಕ ಆಗಲೇ ಕಟ್ಟೆಯಿಂದ ಇಳಿದು ಸೀರೆಯ ನೆರಿಗೆ ಎತ್ತಿ ಸಿಕ್ಕಿಸುತ್ತಿದ್ದಳು. ಮುಖವೆಲ್ಲ ನೀರು, ಮಳೆಯದೋ ಕಣ್ಣಿನದೋ ಗೊತ್ತಾಗುತ್ತಿರಲಿಲ್ಲ. ನನ್ನ ತೋಳು ಹಿಡಿದು ಅಲುಗಾಡಿಸಿದಳು.

"ಕೇಳ್ಲಿಲ್ಲ ನೋಡು ಸುಮಿತ್ರಾ! ಹೋಗ್ಲಾ ಅಂತ ನನ್ನ ಕೇಳ್ಲೇ ಇಲ್ಲ ಕಣೇ!" ಎಂದವಳೇ ಗಂಡನ ಹಿಂದೆ ಓಡಿದಳು.